ಎರಡನೇ ಶನಿವಾರದ ಚರ್ಚೆ: ಪೋಷಕರಿಗೆ ಪತ್ರ

ಮುಂಬಯಿ

ಪೋಷಕ ಬಂಧುಗಳಿಗೆ ನಮಸ್ಕಾರಗಳು.

ಕಳೆದ ಎರಡನೇ ಶನಿವಾರ ಸಂಜೆ ನಮ್ಮ ಶಾಲೆಯ ಸಭಾಗೃಹದಲ್ಲಿ ವಿಶ್ವದ ರಹಸ್ಯಗಳ, ಅದರಲ್ಲೂ ಕಣ್ಣಿಗೆ ಕಾಣದ ‘ಕೃಷ್ಣ ದ್ರವ್ಯ’ದ (ಡಾರ್ಕ್ ಮ್ಯಾಟರ್) ಕುರಿತು ನಡೆದ ಸಾರ್ವಜನಿಕ ಚರ್ಚೆಯ ಬಗ್ಗೆ ಏಳು ಮಂದಿ ನನ್ನನ್ನು ಕಂಡು ಹೋಗಿದ್ದಾರೆ. ಇಬ್ಬರು ಮಕ್ಕಳ ಕೈಯಲ್ಲಿ ಚೀಟಿ ಕಳಿಸಿದ್ದಾರೆ. ಒಬ್ಬೊಬ್ಬರಿಗೆ ಒಂದೊಂದು ಬಗೆಯಲ್ಲಿ ಉತ್ತರಿಸುವುದು ಬೇಡವೆಂದು ಎಲ್ಲರಿಗೂ ಒಟ್ಟಿಗೆ ಬರೆಯುತ್ತಿದ್ದೇನೆ. ಅಂಥ ಮಳೆಯಲ್ಲೂ ಹೋಟೆಲಿನ ಡ್ಯೂಟಿ ಬದಲಿಸಿಕೊಂಡು, ನಿಂತ ಲೋಕಲ್‌ನಿಂದ ಇಳಿದು ನಡೆದು ಬಂದವರಿದ್ದಿರಿ. ಅದನ್ನು ನಾನು ಮರೆತಿಲ್ಲ. ಫ್ಯಾನ್ ರಿಪೇರಿಗೆ ಹೇಳಿಯಾಗಿದೆ. ಹತ್ತನೆಯವರ ಹೆಚ್ಚುವರಿ ತರಗತಿ ಒಂದೂ ತಪ್ಪಿಲ್ಲ, ತಪ್ಪುವುದೂ ಇಲ್ಲ.

ಮುಖ್ಯ ದೂರು ಒಂದೇ: ವಿಜ್ಞಾನದ ಸರ್ ಎಲ್ಲರೆದುರು ‘ಗೊತ್ತಿಲ್ಲ’ ಎಂದರು. ಒಬ್ಬ ತಾಯಿ ಎಣಿಸಿಟ್ಟುಕೊಂಡಿದ್ದರು, ಹನ್ನೊಂದು ಸಲವಂತೆ. ‘ಫೀ ಕಟ್ಟಿ ಕಳ್ಸೂದು ಗೊತ್ತಿಲ್ಲ ಅನ್ನೂದು ಕೇಳ್ಲಿಕ್ಕೇನ್ರೀ ಬಾಯಾರೇ?’ ಎಂದರು. ಆ ಮಾತು ನನಗೂ ಚುರುಕ್ಕೆಂದಿತು.

ಆದರೆ ಗೊತ್ತಿದ್ದುದನ್ನು ಅವರು ಚೆನ್ನಾಗಿಯೇ ಹೇಳಿದರು. ಬೀರುವಿನ ಕೀಲಿಕೈಯನ್ನು ದಾರಕ್ಕೆ ಕಟ್ಟಿ ತಲೆಯ ಮೇಲೆ ತಿರುಗಿಸಿದ್ದು ನಿಮಗೆ ನೆನಪಿರಬಹುದು. (ಗಡಿಯಾರದ ಗಾಜು ಒಡೆದದ್ದೂ ನೆನಪಿರುತ್ತದೆ. ಮುಂದಿನ ಸಲ ಈರುಳ್ಳಿ ಕಟ್ಟಿ ಎಂದಿದ್ದೇನೆ.) ಜೋರಾಗಿ ತಿರುಗಿಸಿದಷ್ಟೂ ಬೆರಳಿಗೆ ದಾರದ ಎಳೆತ ಹೆಚ್ಚು. ಗ್ರಹಗಳಿಗೆ ಸೂರ್ಯನ ಗುರುತ್ವವೇ ಆ ದಾರ. ಸೂರ್ಯನಿಗೆ ಹತ್ತಿರದ ಬುಧ ಸೆಕೆಂಡಿಗೆ ಸುಮಾರು 47 ಕಿ.ಮೀ. ಓಡುತ್ತದೆ. ದೂರದ ನೆಪ್ಚೂನಿನ ಮೇಲೆ ಎಳೆತ ಕಡಿಮೆ, ಅದು 5 ಕಿ.ಮೀ. ಚಿಲ್ಲರೆಯಲ್ಲೇ ತೆವಳುತ್ತದೆ. ನಕ್ಷತ್ರಪುಂಜದ (ಗ್ಯಾಲಕ್ಸಿಯ) ಅಂಚಿನ ನಕ್ಷತ್ರಗಳೂ ಹಾಗೇ ನಿಧಾನವಾಗಬೇಕಿತ್ತು. 1970ರ ಸುಮಾರಿಗೆ ಖಗೋಳ ವಿಜ್ಞಾನಿಗಳಾದ ವೆರಾ ರೂಬಿನ್ ಮತ್ತು ಕೆಂಟ್ ಫೋರ್ಡ್ ಆಂಡ್ರೊಮಿಡಾ ನಕ್ಷತ್ರಪುಂಜವನ್ನು ಅಳೆದಾಗ ಅಂಚಿನವೂ ವೇಗ ತಗ್ಗಿಸಿರಲಿಲ್ಲ. ಕಾಣುವ ನಕ್ಷತ್ರಗಳ ತೂಕ ಅಷ್ಟು ಎಳೆತಕ್ಕೆ ಸಾಲದು. ಕಾಣದ್ದೇನೋ ಎಳೆಯುತ್ತಿದೆ. ಇದನ್ನೇ 1933ರಲ್ಲೇ ಖಗೋಳ ವಿಜ್ಞಾನಿ ಫ್ರಿಟ್ಸ್ ಝ್ವಿಕಿ ಹೇಳಿದ್ದರು, ಆಗ ಹೆಚ್ಚಿನವರು ಕಿವಿಗೊಡಲಿಲ್ಲ. ಈಗಿನ ಲೆಕ್ಕದಲ್ಲಿ ನಾವು ಕಂಡು ಬಲ್ಲ ವಸ್ತು ವಿಶ್ವದ ಶೇ. 5ರಷ್ಟು ಮಾತ್ರ. ಈ ಕಾಣದ ಕೃಷ್ಣ ದ್ರವ್ಯ ಶೇ. 27ರಷ್ಟು. ಉಳಿದದ್ದಕ್ಕೆ ‘ಡಾರ್ಕ್ ಎನರ್ಜಿ’ ಎಂದು ಹೆಸರಿಟ್ಟು ಕಾಯುತ್ತಿದ್ದಾರೆ.

‘ಕೃಷ್ಣ ದ್ರವ್ಯ’ ಎಂಬ ಹೆಸರಿನಿಂದ ಒಬ್ಬ ಹಿರಿಯರಿಗೆ ಬೇಸರವಾಗಿದೆ. ದೇವರ ಹೆಸರಿಟ್ಟು ಆಮೇಲೆ ಅದೇನೆಂದೇ ತಿಳಿಯದು ಎನ್ನುವುದೇ ಎಂದು ಕೇಳಿದರು. ಅಜ್ಜನವರೇ, ಕೃಷ್ಣಪಕ್ಷದಲ್ಲಿರುವಂತೆ ಇಲ್ಲಿಯೂ ಕೃಷ್ಣ ಎಂದರೆ ಕಪ್ಪು, ಅಷ್ಟೇ. ನಿಜಕ್ಕೂ ಅದು ಕಪ್ಪೂ ಅಲ್ಲ, ಬೆಳಕನ್ನು ಹೀರುವುದೂ ಇಲ್ಲ, ಹೊಮ್ಮಿಸುವುದೂ ಇಲ್ಲ.

ಅದು ಯಾವುದರಿಂದ ಆಗಿದೆ ಎಂದು ಕೇಳಿದಾಗ ಸರ್ ‘ಗೊತ್ತಿಲ್ಲ’ ಎಂದರು. ಬೇರೇನು ಹೇಳಬೇಕಿತ್ತು? ಇಟಲಿಯ ಗ್ರಾನ್ ಸಾಸೊ ಬೆಟ್ಟದಡಿ, ಅಮೆರಿಕದ ಹಳೆಯ ಚಿನ್ನದ ಗಣಿಯಲ್ಲಿ, ನಮ್ಮದೇ ಜಾರ್ಖಂಡಿನ ಜಾದೂಗುಡದ ಯುರೇನಿಯಂ ಗಣಿಯ 555 ಮೀಟರ್ ಆಳದಲ್ಲಿ ಹುಡುಕಾಟ ನಡೆದಿದೆ. ಇನ್ನೂ ಯಾರ ಕೈಗೂ ಸಿಕ್ಕಿಲ್ಲ. ನೆಲದಡಿಯ ಈ ಬಗೆಯ ಕಾಯುವಿಕೆ ನಮ್ಮವರಿಗೆ ಹೊಸತಲ್ಲ. ನಮ್ಮ ಕೊಲಾಬಾದ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯವರು ಕೋಲಾರದ ಚಿನ್ನದ ಗಣಿಯಲ್ಲಿ ಎರಡು ಕಿ.ಮೀ.ಗೂ ಕೆಳಗೆ ಉಪಕರಣ ಇಟ್ಟು ಕಾದರು. ವಾತಾವರಣದಲ್ಲಿ ಹುಟ್ಟುವ, ಬಹುಪಾಲು ಯಾವುದಕ್ಕೂ ತಾಗದೆ ಹಾದುಹೋಗುವ ನ್ಯೂಟ್ರಿನೊ ಎಂಬ ಕಣಗಳನ್ನು 1965ರಲ್ಲಿ ಮೊದಲು ಗುರುತಿಸಿದವರಲ್ಲಿ ಅವರೂ ಇದ್ದರು. ಗಣಿಗೆ ಇಳಿಯುವಾಗ ಅವರಿಗೂ ಉತ್ತರ ಗೊತ್ತಿರಲಿಲ್ಲ. ಹಾಗಾಗಿ ‘ಗೊತ್ತಿಲ್ಲ ಅನ್ನಬೇಡಿ’ ಎಂದು ನಮ್ಮ ಶಿಕ್ಷಕರಿಗೆ ನಾನು ಹೇಳಲಾರೆ. ಪಾಠದ ಪುಸ್ತಕದಲ್ಲಿರುವುದಕ್ಕೆ ಅವರು ಹಾಗೆಂದರೆ ಖಂಡಿತ ಕರೆದು ಕೇಳುತ್ತೇನೆ.

ಇನ್ನು ಹೊಸ ನಿಯಮ. ಇದು ನಿಮಗೆ ಹಿಡಿಸಿಲ್ಲ ಎಂದು ಬಲ್ಲೆ. ಚರ್ಚೆಯ ಮೊದಲ ಅರ್ಧ ಗಂಟೆ ಮಕ್ಕಳದು. ದೊಡ್ಡವರು ಆಗ ಪ್ರಶ್ನೆ ಕೇಳುವಂತಿಲ್ಲ, ಮಗುವಿನ ಪರವಾಗಿ ಉತ್ತರ ಕೊಡುವಂತೆಯೂ ಇಲ್ಲ.

ಕಾರಣ ನೀವೇ ನೋಡಿದ್ದೀರಿ. ಏಳನೆಯ ತರಗತಿಯ ಹುಡುಗಿಯೊಬ್ಬಳು ಎದ್ದು, ‘ಅದು ಈ ಸಭಾಗೃಹದಲ್ಲೂ ಇದೆಯಾ ಸರ್?’ ಎಂದು ಕೇಳಿದಳು. ಇರಬೇಕು ಎಂದರು. ‘ಮತ್ತೆ ಕೈಗೆ ಯಾಕೆ ತಾಗಲ್ಲ?’ ಎಂದಳು. ಸರ್ ಬಾಯಿ ತೆರೆಯುವ ಮೊದಲೇ ಹಿಂದಿನ ಸಾಲಿನಿಂದ ಒಬ್ಬರು ಅದು ಕಪ್ಪುಕುಳಿ ಎಂದರು. ಇನ್ನೊಬ್ಬರು ಮೊಬೈಲಿನಲ್ಲಿ ಬಂದಿದ್ದನ್ನು ಓದತೊಡಗಿದರು. ಮತ್ತೊಬ್ಬರು ‘ಅದೆಲ್ಲ ಪರೀಕ್ಷೆಗೆ ಬರಲ್ಲ, ಕೂತ್ಕೊಳ್ಳಮ್ಮ’ ಎಂದರು. ಅವಳು ಲಂಗ ಸರಿಮಾಡಿಕೊಂಡು ಕೂತವಳು ಆಮೇಲೆ ಏಳಲಿಲ್ಲ.

ಆ ಪ್ರಶ್ನೆಗೆ ಉತ್ತರವಿತ್ತು. ತಾಗುವುದು ಎಂದರೆ ಬೆರಳಿನ ಅಣುಗಳ ವಿದ್ಯುದಾವೇಶ ಮೇಜಿನ ಅಣುಗಳ ಆವೇಶವನ್ನು ದೂಡುವುದು. ಕೃಷ್ಣ ದ್ರವ್ಯಕ್ಕೆ ನಮ್ಮೊಡನೆ ಆ ವ್ಯವಹಾರ ಇಲ್ಲ, ಈವರೆಗೆ ತಿಳಿದ ಮಟ್ಟಿಗೆ ಗುರುತ್ವದ ಎಳೆತ ಮಾತ್ರ ಇದೆ. ಸೋಮವಾರ ತರಗತಿಯಲ್ಲಿ ಸರ್ ಅವಳಿಗೆ ಇದನ್ನು ಹೇಳಿದರು.

ನಿಮ್ಮ ಬಾಯಿ ಮುಚ್ಚಿಸುವ ಉದ್ದೇಶ ಖಂಡಿತ ಇಲ್ಲ. ನಿಮ್ಮಲ್ಲಿ ಓದಿಕೊಂಡವರಿದ್ದೀರಿ, ಮಗು ತಡವರಿಸಿದಾಗ ಸಹಾಯಕ್ಕೆಂದೇ ಎದ್ದವರೂ ಇದ್ದೀರಿ. ಅರ್ಧ ಗಂಟೆ ಕಳೆದ ಮೇಲೆ ಮೈಕು ನಿಮ್ಮದೇ. ಉಪನಿಷತ್ತಿನ ಮಾತಿರಲಿ, ಕಪ್ಪುಕುಳಿಯ ಮಾತಿರಲಿ, ಸಂತೋಷದಿಂದ ಕೇಳೋಣ. ಆದರೆ ಆ ಅರ್ಧ ಗಂಟೆ ಮಾತ್ರ ಮಕ್ಕಳದು. ಅಂದು ನಾನೇ ಎದ್ದು ತಡೆಯಬೇಕಿತ್ತು. ಅತಿಥಿಗಳೆದುರು ಹೇಗೆ ಹೇಳುವುದೆಂದು ಸುಮ್ಮನಿದ್ದೆ, ಅದು ನನ್ನ ತಪ್ಪು. ಈ ಸಲ ಸುಮ್ಮನಿರುವುದಿಲ್ಲ, ಆಗ ದಯವಿಟ್ಟು ಬೇಸರಿಸಿಕೊಳ್ಳಬೇಡಿ.

ಮುಂದಿನ ಚರ್ಚೆ ಬರುವ ಎರಡನೇ ಶನಿವಾರ ಸಂಜೆ 4ಕ್ಕೆ. ಚಹಾ ಚರ್ಚೆಯ ನಂತರ. ಕೆಳಗಿನ ಚೀಟಿಗೆ ಸಹಿ ಮಾಡಿ ಬುಧವಾರದೊಳಗೆ ಮಕ್ಕಳ ಕೈಯಲ್ಲಿ ಕಳಿಸಿಕೊಡಿ.

ತಮ್ಮ ವಿಶ್ವಾಸಿ,
ಮುಖ್ಯೋಪಾಧ್ಯಾಯಿನಿ