ರಾತ್ರಿ ತಪಾಸಣೆ ಮತ್ತು ಸಕಾಲದ ರಕ್ತಪರೀಕ್ಷೆಗಾಗಿ ಮನವಿ ಪತ್ರ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು ಹಾಗೂ ಅಧ್ಯಕ್ಷರು,
ಜಿಲ್ಲಾ ರಸ್ತೆ ಸುರಕ್ಷತಾ ಸಮಿತಿ, ಕಲಬುರಗಿ.

ಇವರಿಂದ:
ರಿಂಗ್ ರಸ್ತೆ ಆಸುಪಾಸಿನ ಬಡಾವಣೆಗಳ ನಿವಾಸಿಗಳು, ಕಲಬುರಗಿ.

ವಿಷಯ: ಮದ್ಯಪಾನ ಮಾಡಿ ವಾಹನ ಚಲಾಯಿಸುವವರ ತಪಾಸಣೆ ಹಾಗೂ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ನಡೆಸುವ ಕುರಿತು.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ, ಕಳೆದ ತೊಗರಿ ರಾಶಿಯ ಹಂಗಾಮಿನಲ್ಲಿ ಒಂದು ರಾತ್ರಿ ಹತ್ತು ಗಂಟೆಯ ಸುಮಾರಿಗೆ ನಮ್ಮ ಓಣಿಯ ಮಿರ್ಚಿ ಭಜಿ ವ್ಯಾಪಾರಿಯೊಬ್ಬರು ಬಂಡಿ ತಳ್ಳಿಕೊಂಡು ಮನೆಗೆ ಮರಳುತ್ತಿದ್ದಾಗ ಹಿಂದಿನಿಂದ ಬಂದ ಕ್ರೂಸರ್ ವಾಹನ ಡಿಕ್ಕಿ ಹೊಡೆಯಿತು. ಬಂಡಿ ನುಚ್ಚುನೂರಾಗಿ, ಅವರ ಬಲಗಾಲಿನ ಮೂಳೆ ಎರಡು ಕಡೆ ಮುರಿಯಿತು. ಚಾಲಕನನ್ನು ಕೆಳಗಿಳಿಸಿದಾಗ ಆತನಿಗೆ ನೆಟ್ಟಗೆ ನಿಲ್ಲಲೂ ಆಗುತ್ತಿರಲಿಲ್ಲ. ಇದನ್ನು ಅಲ್ಲಿದ್ದ ನಾವೆಲ್ಲರೂ ಕಂಡಿದ್ದೇವೆ. ಆದರೆ ಆತನ ರಕ್ತದ ಮಾದರಿ ತೆಗೆದದ್ದು ಮರುದಿನ ಬೆಳಿಗ್ಗೆ.

100 ಮಿಲಿಲೀಟರ್ ರಕ್ತದಲ್ಲಿನ ಮದ್ಯದ ಪ್ರಮಾಣ ಸಾಮಾನ್ಯವಾಗಿ ಗಂಟೆಗೆ 15ರಿಂದ 20 ಮಿಲಿಗ್ರಾಂನಷ್ಟು ಇಳಿಯುತ್ತದೆ. ರಾತ್ರಿ ಹತ್ತಕ್ಕೆ 100 ಮಿಲಿಲೀಟರ್ ರಕ್ತದಲ್ಲಿ 120 ಮಿಲಿಗ್ರಾಂ, ಅಂದರೆ ಕಾನೂನಿನ ಮಿತಿಯಾದ 30 ಮಿಲಿಗ್ರಾಂನ ನಾಲ್ಕು ಪಟ್ಟು ಇದ್ದವನು ಬೆಳಿಗ್ಗೆ ಆರಕ್ಕೆ ಕುಡಿದೇ ಇಲ್ಲದವನಂತೆ ಪರೀಕ್ಷೆಯಿಂದ ಹೊರಬರಬಹುದು. ಮೋಟಾರು ವಾಹನ ಕಾಯ್ದೆ, 1988ರ 202ನೇ ಕಲಮಿನಲ್ಲಿ, ಬಂಧಿಸಿದ ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆ ನಡೆಸಬೇಕು, ಇಲ್ಲವಾದರೆ ಬಿಡುಗಡೆ ಮಾಡಬೇಕು ಎಂದಿರುವುದನ್ನು ನೋಡಿದರೆ, ಈ ವಿಳಂಬ ಎಷ್ಟು ದುಬಾರಿ ಎಂಬುದು ತಮಗೆ ಮನವರಿಕೆಯಾದೀತು.

2019ರ ತಿದ್ದುಪಡಿಯ ನಂತರ 185ನೇ ಕಲಮಿನಡಿ ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿ ದಂಡ ಅಥವಾ ಎರಡೂ, ಮರುಕಳಿಸಿದರೆ ಎರಡು ವರ್ಷದವರೆಗೆ ಜೈಲು ಅಥವಾ 15,000 ರೂಪಾಯಿ ದಂಡ ಅಥವಾ ಎರಡೂ ಇವೆ. ತಿದ್ದುಪಡಿಗೆ ಮುಂಚೆ ಮೊದಲ ಅಪರಾಧದ ದಂಡ 2,000 ರೂಪಾಯಿವರೆಗೆ ಮಾತ್ರ ಇತ್ತು. ದಂಡ ಐದು ಪಟ್ಟು ಏರಿದರೂ ಸಿಕ್ಕಿಬೀಳುವ ಭಯ ಏರದಿದ್ದರೆ ಕುಡಿದವನು ಸ್ಟಿಯರಿಂಗ್ ಬಿಡುವುದಿಲ್ಲ ಎಂಬುದು ನಮ್ಮ ಅನುಭವ. ತಪಾಸಣೆ ಹೊಸ ವರ್ಷದ ರಾತ್ರಿ ಮತ್ತು ಹಬ್ಬಗಳಿಗಷ್ಟೇ ಸೀಮಿತವಾದರೆ, ಯಾವ ದಿನ ಯಾವ ವೃತ್ತ ತಪ್ಪಿಸಬೇಕೆಂದು ಚಾಲಕರಿಗೆ ಮೊದಲೇ ಗೊತ್ತಾಗಿಬಿಡುತ್ತದೆ.

ಆದ್ದರಿಂದ ಸೇಡಂ, ಜೇವರ್ಗಿ, ಆಳಂದ ಮತ್ತು ಹುಮನಾಬಾದ್ ರಸ್ತೆಗಳು ರಿಂಗ್ ರಸ್ತೆಯನ್ನು ಕೂಡುವ ಕಡೆಗಳಲ್ಲಿ ವಾರದ ಬೇರೆ ಬೇರೆ ದಿನ, ಬೇರೆ ಬೇರೆ ಸಮಯದಲ್ಲಿ ಉಸಿರು ತಪಾಸಣೆ ನಡೆಸಬೇಕು. ಅದರಲ್ಲೂ ಡಿಸೆಂಬರ್‌ನಿಂದ ಫೆಬ್ರವರಿವರೆಗೆ ಕೂಲಿಕಾರರನ್ನು ತುಂಬಿಕೊಂಡು ಬರುವ ಕ್ರೂಸರ್ ಮತ್ತು ಟಂಟಂಗಳ ಚಾಲಕರನ್ನು ಬಿಡದೆ ಪರೀಕ್ಷಿಸಬೇಕೆಂಬುದು ನಮ್ಮ ವಿಶೇಷ ಕೋರಿಕೆ, ಏಕೆಂದರೆ ಅಲ್ಲಿ ಒಬ್ಬನ ಕುಡಿತಕ್ಕೆ ಹದಿನೈದು ಮನೆಗಳು ಬಲಿಯಾಗುತ್ತವೆ. ಅಪಘಾತ ಪ್ರಕರಣಗಳಲ್ಲಿ ರಾತ್ರಿಯೇ ರಕ್ತದ ಮಾದರಿ ತೆಗೆಯಲು ಆಸ್ಪತ್ರೆಯಲ್ಲಿ ಒಬ್ಬ ವೈದ್ಯರನ್ನು ಗೊತ್ತುಪಡಿಸಿ, ಮಾದರಿ ತೆಗೆದ ಸಮಯವನ್ನು ಕಡ್ಡಾಯವಾಗಿ ದಾಖಲಿಸಲು ಸೂಚಿಸಬೇಕು. ಸಿಕ್ಕಿಬಿದ್ದವರ ಚಾಲನಾ ಪರವಾನಗಿಯನ್ನು ಕನಿಷ್ಠ ಮೂರು ತಿಂಗಳು ಅಮಾನತು ಮಾಡಬೇಕೆಂದು ಸುಪ್ರೀಂ ಕೋರ್ಟ್‌ನ ರಸ್ತೆ ಸುರಕ್ಷತಾ ಸಮಿತಿ 2015ರಲ್ಲೇ ನಿರ್ದೇಶಿಸಿದೆ. ಇದೂ ತಪ್ಪದೆ ಜಾರಿಯಾಗಲಿ.

ಗಾಯಗೊಂಡ ವ್ಯಾಪಾರಿಗೆ ಇಂದಿಗೂ ಬಂಡಿ ತಳ್ಳಲು ಆಗುತ್ತಿಲ್ಲ. ಮುಂದಿನ ರಾಶಿ ಶುರುವಾಗುವ ಮೊದಲೇ ಸಮಿತಿಯ ಸಭೆಯಲ್ಲಿ ಈ ಮನವಿಯನ್ನು ಚರ್ಚೆಗೆ ತೆಗೆದುಕೊಂಡು, ಕೈಗೊಂಡ ಕ್ರಮವನ್ನು ನಮಗೆ ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇವೆ.

ವಂದನೆಗಳೊಂದಿಗೆ,
ತಮ್ಮ ವಿಶ್ವಾಸಿಗಳು,
ಬಡಾವಣೆಯ ನಿವಾಸಿಗಳು
(ಸಹಿಗಳನ್ನು ಲಗತ್ತಿಸಿದೆ)

ಪ್ರತಿ: ಮಾನ್ಯ ಪೊಲೀಸ್ ಆಯುಕ್ತರು, ಕಲಬುರಗಿ ನಗರ.