ಅಂಡೋರಾ: ಬಂದುಹೋಗುವವರ ಲೆಕ್ಕವೊಂದೇ ಸಾಲದು

ಮಾನ್ಯ ಸಂಪಾದಕರೇ,

ಫ್ರಾನ್ಸ್ ಮತ್ತು ಸ್ಪೇನ್ ನಡುವಿನ ಬೆಟ್ಟಗಳಲ್ಲಿರುವ ಪುಟ್ಟ ದೇಶ ಅಂಡೋರಾ ಕುರಿತು ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಆಸಕ್ತಿಯಿಂದ ಓದಿದೆ. ಸುಮಾರು 85 ಸಾವಿರ ಜನವಸತಿಯ, ವಿಮಾನ ನಿಲ್ದಾಣವಾಗಲಿ ರೈಲಾಗಲಿ ಇಲ್ಲದ ಆ ದೇಶಕ್ಕೆ ವರ್ಷಕ್ಕೆ ಎಂಬತ್ತು ಲಕ್ಷಕ್ಕೂ ಹೆಚ್ಚು ಜನ ಬರುತ್ತಾರೆಂಬುದನ್ನೇ ಲೇಖಕರು ಅದರ ಯಶಸ್ಸಿಗೆ ಪುರಾವೆಯಾಗಿ ಮುಂದಿಟ್ಟಿದ್ದಾರೆ. ಬರುವವರಲ್ಲಿ ದೊಡ್ಡ ಪಾಲಿನವರು ಒಂದು ರಾತ್ರಿಯೂ ತಂಗದೆ ಅದೇ ದಿನ ಮರಳುತ್ತಾರೆ ಎಂಬ ಸಂಗತಿ ಅಲ್ಲಿ ಬಿಟ್ಟುಹೋಗಿದೆ.

ಮಗಳು ಫ್ರಾನ್ಸಿನ ತುಲೂಸ್‌ನಲ್ಲಿದ್ದಾಗ ನಾವು ಕಾರಿನಲ್ಲಿ ಗಡಿಯ ಊರಾದ ಪಾಸ್ ದೆ ಲಾ ಕಾಸಾಕ್ಕೆ ಹೋಗಿದ್ದೆವು. ಅದು ಸಮುದ್ರಮಟ್ಟದಿಂದ ಎರಡು ಸಾವಿರ ಮೀಟರಿಗೂ ಎತ್ತರದಲ್ಲಿದೆ. ಹಿಮದ ಮೇಲೆ ಜಾರುವ ಸ್ಕೀ ಹಲಗೆ ಹೊತ್ತವರು ಇರಲಿಲ್ಲವೆಂದಲ್ಲ. ಆದರೆ ಪೆಟ್ರೋಲ್ ಬಂಕಿನ ಮುಂದೆ ಸಾಲುಗಟ್ಟಿದ್ದ ಫ್ರೆಂಚ್ ನಂಬರಿನ ಕಾರುಗಳು, ಅಂಗಡಿಗಳಲ್ಲಿ ಆಳೆತ್ತರ ಪೇರಿಸಿಟ್ಟ ಸಿಗರೇಟು ಪೊಟ್ಟಣ ಮತ್ತು ವಿಸ್ಕಿ ಬಾಟಲಿಗಳೇ ಹೆಚ್ಚಾಗಿ ಕಣ್ಣಿಗೆ ಬಿದ್ದವು. ವಾಪಸಾಗುವಾಗ ಫ್ರೆಂಚ್ ಸುಂಕದವರು ನಮ್ಮ ಮುಂದಿನ ಕಾರಿನ ಡಿಕ್ಕಿ ತೆಗೆಸಿ ಒಂದೊಂದಾಗಿ ಎಣಿಸುತ್ತಿದ್ದರು. ತಲೆಗೆ 300 ಸಿಗರೇಟು ಮಾತ್ರ ಒಯ್ಯಬಹುದಂತೆ.

ಈ ವ್ಯಾಪಾರದ ಬೇರು ಇರುವುದು ನೆರೆಯ ದೇಶಗಳ ತೆರಿಗೆಯಲ್ಲಿ. ಮೌಲ್ಯವರ್ಧಿತ ತೆರಿಗೆ ಫ್ರಾನ್ಸಿನಲ್ಲಿ ಶೇ 20, ಸ್ಪೇನಿನಲ್ಲಿ ಶೇ 21 ಇದ್ದರೆ, ಅಂಡೋರಾದಲ್ಲಿ 2013ರಲ್ಲಷ್ಟೇ ಜಾರಿಗೆ ಬಂದ ಅಂಥದೇ ತೆರಿಗೆ ಶೇ 4.5. ಅಂದಮೇಲೆ ಅಲ್ಲಿನ ಅಂಗಡಿಕಾರನ ಲಾಭವನ್ನು ಅರ್ಧಕ್ಕರ್ಧ ನಿರ್ಧರಿಸುವವರು ಪ್ಯಾರಿಸ್ ಮತ್ತು ಮ್ಯಾಡ್ರಿಡ್‌ನಲ್ಲಿ ಕುಳಿತವರು. 2020ರ ಮಾರ್ಚ್‌ನಲ್ಲಿ ಗಡಿಗಳು ಮುಚ್ಚಿದಾಗ ಈ ಪರಾವಲಂಬನೆ ಬೆತ್ತಲಾಯಿತು. ಅಲ್ಲಿ ಆದಾಯ ತೆರಿಗೆಯೇ ಇಲ್ಲವೆಂಬ ಲೇಖಕರ ಮಾತೂ ಹಳೆಯದು: 2015ರಿಂದ ಗರಿಷ್ಠ ಶೇ 10ರ ದರ ಜಾರಿಯಲ್ಲಿದೆ.

ಲೇಖನ ಮುಟ್ಟದೆ ಬಿಟ್ಟ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದ ವಿಷಯ ಮನೆಬಾಡಿಗೆಯದು. ದೇಶದ ವಿಸ್ತೀರ್ಣ 468 ಚದರ ಕಿಲೋಮೀಟರ್. ಅದರಲ್ಲಿ ಬಹುಪಾಲು ಕಡಿದಾದ ಬೆಟ್ಟ, ಮನೆ ಕಟ್ಟಲು ಉಳಿಯುವುದು ಇಕ್ಕಟ್ಟಾದ ಕಣಿವೆ. ಆ ಕಣಿವೆಯ ಮನೆಗಳಿಗಾಗಿ ಪ್ರವಾಸಿ ಅಪಾರ್ಟ್‌ಮೆಂಟಿನ ಮಾಲೀಕರೂ ಕಡಿಮೆ ತೆರಿಗೆಯ ಆಸೆಗೆ ಬಂದು ನೆಲೆಸುವ ಸಿರಿವಂತರೂ ಪೈಪೋಟಿಗಿಳಿದಿದ್ದಾರೆ. ಹೋಟೆಲಿನಲ್ಲಿ ಹಾಸಿಗೆ ಹಾಸುವ, ಚಳಿಗಾಲದಲ್ಲಿ ಸ್ಕೀ ಲಿಫ್ಟ್ ನಡೆಸುವ ಕೆಲಸಕ್ಕೆ ಅರ್ಜೆಂಟೀನಾದಷ್ಟು ದೂರದಿಂದ ಬಂದವರಿಗೆ, ಸಂಬಳಕ್ಕೆ ಹೊಂದುವಂಥ ಕೋಣೆ ಸಿಗುವುದು ದುಸ್ತರವಾಗಿದೆ. ಸರ್ಕಾರ ಬಾಡಿಗೆ ಕರಾರುಗಳ ಅವಧಿಯನ್ನು ಕಾನೂನಿನ ಮೂಲಕ ವಿಸ್ತರಿಸಿದೆ, ವಿದೇಶಿಯರ ಮನೆ ಖರೀದಿಗೆ ತೆರಿಗೆ ಹಾಕಿದೆ. ಪ್ರವಾಸೋದ್ಯಮದಿಂದ ಊರಿಗೆಲ್ಲ ಸುಖವಾಗಿದ್ದರೆ ಇಂಥ ಕಾಯ್ದೆಗಳ ಅಗತ್ಯವೇ ಬೀಳುತ್ತಿರಲಿಲ್ಲ.

ಲೇಖನದ ಎರಡನೆಯ ಕಂತು ಬರಲಿದೆಯೆಂದು ತಾವು ಸೂಚಿಸಿದ್ದೀರಿ. ಅದರಲ್ಲಿ ಎಷ್ಟು ಜನ ಬಂದರು ಎಂಬುದರ ಜೊತೆಗೆ ಎಷ್ಟು ರಾತ್ರಿ ತಂಗಿದರು, ಅವರ ಕೋಣೆ ಗುಡಿಸಿದವರು ಎಲ್ಲಿ ಮಲಗಿದರು ಎಂಬುದನ್ನೂ ಲೇಖಕರು ಬರೆಯಲಿ ಎಂದು ಕೋರುತ್ತೇನೆ.

— ನಿವೃತ್ತ ಅರ್ಥಶಾಸ್ತ್ರ ಉಪನ್ಯಾಸಕ, ಧಾರವಾಡ