ಹಳೇ ಬೋಟ್ ಕಿಟಕಿ ಸುತ್ತ ಮರದ ಕೆಲಸ, ಶುರು ಮಾಡೋಕೆ ಮುಂಚೆ ಓದಿ

ಎಲ್ರಿಗೂ ನಮಸ್ಕಾರ. 1970-80ರ ಫೈಬರ್‌ಗ್ಲಾಸ್ ಬೋಟ್ ಇಟ್ಕೊಂಡಿರೋರು ಸುಮಾರು ಜನ ಫೋಟೋ ಹಾಕ್ತಿದ್ದೀರ, ಕಿಟಕಿ ಕೆಳಗಡೆ ಮೂಲೆಲಿ ಕಪ್ಪಗಾಗಿ ತೇಗದ ವಿನೀರ್ (ಪ್ಲೈವುಡ್ ಮೇಲೆ ಅಂಟಿಸಿರೋ ತೆಳು ಮರದ ಪದರ) ಎದ್ದು ಬಂದಿರೋದು. ದಯವಿಟ್ಟು ಮೊದ್ಲು ಸೋರೋದನ್ನ ನಿಲ್ಸಿ, ಆಮೇಲೆ ಮರ ಮುಟ್ಟಿ. ಫ್ರೇಮ್ ಪೂರ್ತಿ ಬಿಚ್ಚಿ, ಹಳೇ ಸೀಲೆಂಟ್ (ಸಂದಿ ಮುಚ್ಚೋ ಅಂಟು) ಎಲ್ಲಾ ಕೆರೆದು ತೆಗ್ದು, ಬ್ಯೂಟೈಲ್ ಟೇಪ್ (ಮೆತ್ತಗಿರೋ ಅಂಟು ರಬ್ಬರ್ ಪಟ್ಟಿ) ಹಾಕಿ ಕೂರಿಸಿ. ಬರೀ ಹೊರಗಡೆಯಿಂದ ಸಿಲಿಕೋನ್ ಬಳಿದ್ರೆ ಸೋರೋದು ನಿಲ್ಲಲ್ಲ, ಮೇಲಾಗಿ ಅದರ ಅಂಟು ಉಳ್ಕೊಂಡ್ರೆ ಮುಂದೆ ಬೇರೇನೂ ಅಲ್ಲಿ ಹಿಡಿಯಲ್ಲ. ಅಕ್ರಿಲಿಕ್ ಗಾಜು ಇದ್ರೆ ಪಾಲಿಸಲ್ಫೈಡ್ ಅನ್ನೋ ಸೀಲೆಂಟ್ ಬೇಡ್ವೇ ಬೇಡ, ಗಾಜನ್ನೇ ತಿನ್ನುತ್ತೆ.

ಫ್ರೇಮ್ ಬಿಚ್ಚಿದಾಗ ಪ್ಲೈವುಡ್ ಅಂಚನ್ನ ಸ್ಕ್ರೂಡ್ರೈವರಲ್ಲಿ ಚುಚ್ಚಿ ನೋಡಿ. ಗಟ್ಟಿ ಇದ್ರೆ ಬರೀ ಕಲೆ ಅಷ್ಟೆ, ಆಕ್ಸಾಲಿಕ್ ಆಸಿಡ್ ಪುಡಿನ ಬಿಸಿನೀರಲ್ಲಿ ಕರಗ್ಸಿ ಬ್ರಷ್ಷಲ್ಲಿ ಹಚ್ಚಿದ್ರೆ ಕಪ್ಪು ಬಹಳಷ್ಟು ಹೋಗುತ್ತೆ, ಗ್ಲೌಸ್ ಕನ್ನಡಕ ಹಾಕ್ಕೊಳ್ಳಿ, ಆಮೇಲೆ ಚೆನ್ನಾಗಿ ತೊಳೀರಿ, ಒಣಗಿದ ಪುಡಿ ಮೂಗಿಗೆ ಹೋದ್ರೆ ತುಂಬಾ ಉರಿ. ಮೆತ್ತಗಿದ್ರೆ ಗಟ್ಟಿ ಮರ ಸಿಗೋವರ್ಗೂ ಕತ್ತರಿಸಿ ಹೊಸ ತುಂಡು ಎಪಾಕ್ಸಿ (ಎರಡು ದ್ರವ ಬೆರೆಸಿ ಗಟ್ಟಿಯಾಗೋ ಅಂಟು) ಹಾಕಿ ಕೂರಿಸ್ಬೇಕು, ಬೇರೆ ದಾರಿ ಇಲ್ಲ. ತೇಗದಲ್ಲಿ ಎಣ್ಣೆ ಇರುತ್ತೆ, ಅಂಟಿಸೋ ಮುಂಚೆ ಅಸಿಟೋನಲ್ಲಿ ಒರೆಸಿ.

ಸ್ಯಾಂಡಿಂಗ್ ಮಷೀನ್ ಮಾತ್ರ ತರ್ಬೇಡಿ, ವಿನೀರ್ ಎಷ್ಟೋ ಬೋಟಲ್ಲಿ 1 ಮಿಮೀ ಕೂಡ ಇರಲ್ಲ, ಒಂದು ಸಲ ತೂತು ಬಿದ್ರೆ ಮುಗೀತು. 220 ನಂಬರ್ ಉಜ್ಜೋ ಪೇಪರಲ್ಲಿ, ಕೈಯಲ್ಲೇ, ಮರದ ಎಳೆ ಹೋದ ದಿಕ್ಕಲ್ಲೇ ಉಜ್ಜಿ. ಕಿಟಕಿ ವಾಪಸ್ ಕೂರಿಸೋಕೆ ಮುಂಚೆ ಕತ್ತರಿಸಿದ ಅಂಚಿಗೆಲ್ಲಾ ಎಪಾಕ್ಸಿ ಕುಡಿಸೋದು ಮರೀಬೇಡಿ, ಫ್ಯಾಕ್ಟರಿಲಿ ಎಷ್ಟೋ ಕಡೆ ಅದನ್ನ ಹಾಗೇ ಬಿಟ್ಟಿರ್ತಾರೆ. ಯಾರಾದ್ರೂ ಈ ವಾರ ಬಿಚ್ತಿದ್ರೆ ಅಂಚಿನ ಫೋಟೋ ಹತ್ತಿರದಿಂದ ತೆಗ್ದು ಇಲ್ಲಿ ಹಾಕಿ, ಕತ್ತರಿಸೋ ಮುಂಚೆ ನೋಡೋಣ.